ಸೊಂಟದ ಕಠಾರಿ, ಜಗುಲಿಯ ಕೋವಿ: ನಂಜನಗೂಡು – ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಮೈಗಾವಲು ಮತ್ತು ಮನೆಗಾವಲಿನ ಆಯುಧಗಳು

ಕರ್ನಾಟಕದಲ್ಲಿ ಆಯುಧಗಳ ಚರಿತ್ರೆಯನ್ನು ಬಹುಮಟ್ಟಿಗೆ ಯುದ್ಧಗಳ ಚರಿತ್ರೆಯ ಉಪಾಂಗವಾಗಿಯೇ ಬರೆಯಲಾಗಿದೆ. ಕೋಟೆ, ದಂಡು, ಫಿರಂಗಿ, ರಾಕೆಟ್ಟುಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆಯಿದೆ. ದಂಡಿಗೆ ಸೇರದ ಸಾಮಾನ್ಯ ಗೃಹಸ್ಥನು ತನ್ನ ಮೈಗಾವಲಿಗೆಂದು ಸೊಂಟದಲ್ಲಿ ಏನನ್ನು ಸಿಕ್ಕಿಸಿಕೊಂಡನು, ಮನೆಗಾವಲಿಗೆಂದು ಬಾಗಿಲ ಹಿಂದೆ ಏನನ್ನು ಒರಗಿಸಿಟ್ಟನು, ಹಾಗೆ ಇಟ್ಟುಕೊಳ್ಳಲು ಅವನಿಗೆ ಯಾರ ಅಪ್ಪಣೆ ಬೇಕಾಗಿತ್ತು ಎಂಬ ಪ್ರಶ್ನೆಗಳನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಇವು ಚಿಕ್ಕ ಪ್ರಶ್ನೆಗಳಲ್ಲ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆಯೆಂದು ಒಪ್ಪುವ ಸಮಾಜವೂ ಆ ಹಕ್ಕನ್ನು ಚಲಾಯಿಸುವ ಸಾಧನವನ್ನು ಎಲ್ಲರ ಕೈಗೂ ಕೊಡುವುದಿಲ್ಲ. ಕೊಟ್ಟವರಿಗಾದರೂ ಯಾವ ಆಕಾರದ, ಎಷ್ಟು ಉದ್ದದ, ಕಾಣುವ ಅಥವಾ ಕಾಣದ ಸಾಧನ ಎಂಬುದನ್ನು ಕಟ್ಟುಮಾಡಿಯೇ ಕೊಡುತ್ತದೆ. ಪ್ರಸ್ತುತ ಲೇಖನವು ಈ ಕಟ್ಟುಪಾಡಿನ ಚರಿತ್ರೆಯನ್ನು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಪರಿಸರದಲ್ಲಿಟ್ಟು ನೋಡುವ ಪ್ರಯತ್ನ.

ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಕಪಿಲೆಯೂ ಕಾವೇರಿಯೂ ಕೂಡುವ ಈ ಪ್ರದೇಶ ಗಂಗರ ತಲಕಾಡಿನ ಕಾಲದಿಂದಲೂ ಕೃಷಿಯ ನಾಡು, ಜೊತೆಗೆ ದಾರಿಯ ನಾಡು. ವಯನಾಡು, ನೀಲಗಿರಿ, ಕೊಯಮತ್ತೂರುಗಳ ಕಡೆಗೆ ಹೋಗುವವರು ನಂಜನಗೂಡನ್ನು ಹಾದೇ ಹೋಗಬೇಕಿತ್ತು. ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ ಸೇತುವೆ ಈ ದಾರಿಯ ಮಹತ್ವಕ್ಕೆ ಸಾಕ್ಷಿ. ಮೈಸೂರಿನ ದಳವಾಯಿಗಳ ಮೂಲವಾದ ಕಳಲೆಯೂ ಇದೇ ನಂಜನಗೂಡು ತಾಲ್ಲೂಕಿನಲ್ಲಿದೆ. ದಾರಿ ಇದ್ದಲ್ಲಿ ಸುಲಿಗೆಯಿದೆ, ಫಸಲು ಇದ್ದಲ್ಲಿ ಕಳವಿದೆ, ಕಾಡಿನ ಅಂಚಿನಲ್ಲಿ ಆನೆ ಹಂದಿಗಳಿವೆ. ಹೀಗಾಗಿ ಕಾವಲು ಎಂಬುದು ಇಲ್ಲಿನ ಬದುಕಿನ ನಿತ್ಯದ ಕೆಲಸವಾಗಿತ್ತು.

ಮೊದಲ ಸಾಕ್ಷ್ಯ ಕಲ್ಲಿನದು. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ಪರಿಷ್ಕೃತ ಸಂಪುಟಗಳು 1970ರ ದಶಕದಲ್ಲಿ ಹೊರಬಂದವು. ವೀರಗಲ್ಲುಗಳ ಭಾಷೆಯಲ್ಲಿ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ: ದನಗಳ ಅಪಹರಣ, ಊರಿನ ನಾಶ, ಹೆಂಗಸರ ಮೊರೆ. ರಾಜ್ಯಗಳ ಗಡಿಜಗಳಗಳಿಗಿಂತ ಇವೇ ಹಳ್ಳಿಯವನ ಯುದ್ಧಗಳು. ಮನೆ, ಹಟ್ಟಿ, ಹೆಣ್ಣು ಇವುಗಳ ರಕ್ಷಣೆಗಾಗಿ ಸತ್ತವನನ್ನು ಸಮುದಾಯ ಕಲ್ಲಿನಲ್ಲಿ ನಿಲ್ಲಿಸಿತು. ಅವನ ಕೈಯಲ್ಲಿ ಬಿಲ್ಲು ಅಥವಾ ಕತ್ತಿ, ಎಷ್ಟೋ ಶಿಲ್ಪಗಳಲ್ಲಿ ಸೊಂಟದ ಪಟ್ಟಿಗೆ ಸಿಕ್ಕಿಸಿದ ಕಿರುಗತ್ತಿ. ಹಳಗನ್ನಡ ಅದನ್ನು ಸುರಿಗೆಯೆಂದು ಕರೆಯುತ್ತದೆ. ಸೊಂಟದ ಆ ಸುರಿಗೆಯನ್ನು ಶಿಲ್ಪಿ ಮರೆಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು. ಬಿಲ್ಲು ಮುರಿದಾಗ, ಕತ್ತಿ ಕೈಜಾರಿದಾಗ, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಹಗೆ ನಿಂತಾಗ ಉಳಿಯುವ ಕೊನೆಯ ಆಯುಧ ಅದು. ಇಂದಿನ ಕೈಬಂದೂಕಿನ ಕೆಲಸವೂ ಇದೇ. ಆದರೆ ವೀರಗಲ್ಲಿನ ನೀತಿಯಲ್ಲಿ ಅದು ಕಾಣುವಂತೆ ಇರತಕ್ಕದ್ದು, ಏಕೆಂದರೆ ಕಾಣುವ ಆಯುಧ ಮಾನದ ಗುರುತು.

ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಪ್ರಸಿದ್ಧ ಕಲ್ಲನ್ನು ಈ ಹಿನ್ನೆಲೆಯಲ್ಲಿ ಇನ್ನೊಮ್ಮೆ ನೋಡಬಹುದು. ಗಂಗ ಅರಸು ನೀತಿಮಾರ್ಗ ಎರೆಗಂಗನು ಮರಣಶಯ್ಯೆಯಲ್ಲಿದ್ದಾನೆ. ಪಕ್ಕದಲ್ಲಿ ಅವನ ಮನೆಯ ಸೇವಕ ಅಗರಯ್ಯ ಅವನನ್ನು ಆಸರೆಯಾಗಿ ಹಿಡಿದಿದ್ದಾನೆ, ಮಗ ಸತ್ಯವಾಕ್ಯ ಬಳಿಯಲ್ಲಿದ್ದಾನೆ. ಯುದ್ಧದ ಗದ್ದಲವಿಲ್ಲದ ಈ ಶಿಲ್ಪ ಮನೆಯೊಳಗಿನದು. ಅರಸನ ಮೈಗಾವಲಿಗೆ ಕೊನೆಗೂ ಒದಗುವುದು ಒಬ್ಬ ಮನುಷ್ಯ. ಗರುಡ, ವೇಳೆವಾಳಿ, ಜೋಳವಾಳಿ ಎಂದು ಮುಂದೆ ಬೆಳೆದ ವ್ಯವಸ್ಥೆಯೆಲ್ಲವೂ ಆಯುಧಕ್ಕಿಂತ ಮನುಷ್ಯನನ್ನು ನಂಬಿದ ವ್ಯವಸ್ಥೆಗಳು. ಉಳ್ಳವನು ಕಾವಲುಗಾರನನ್ನು ಇಟ್ಟುಕೊಂಡ, ಇಲ್ಲದವನು ಕಾವಲುಗಾರನಾದ.

ಇದಕ್ಕೆ ತದ್ವಿರುದ್ಧವಾದ, ಅಂದರೆ ಅಡಗಿಸಿಟ್ಟ ಆಯುಧದ ಕಥನವೂ ಇದೇ ಸೀಮೆಯದು. ಅದು ಮೈಸೂರು ರಾಜಮನೆತನದ ಮೂಲಕಥೆ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯ ಮೊದಲ ಸಂಪುಟದಲ್ಲಿ ಅದನ್ನು ದಾಖಲಿಸಿದ್ದಾನೆ. ವಿಜಯ, ಕೃಷ್ಣ ಎಂಬ ಯಾದವ ಕುಲದ ಇಬ್ಬರು ತರುಣರು ಹದನ ಎಂಬ ಊರಿಗೆ ಬರುತ್ತಾರೆ. ಇದನ್ನು ನಂಜನಗೂಡು ತಾಲ್ಲೂಕಿನ ಇಂದಿನ ಹದಿನಾರು ಗ್ರಾಮವೆಂದು ಗುರುತಿಸಲಾಗಿದೆ. ಅಲ್ಲಿನ ಒಡೆಯನು ಚಿತ್ತಭ್ರಮೆಗೊಳಗಾಗಿ ಮನೆ ಬಿಟ್ಟು ಹೋಗಿದ್ದಾನೆ. ಹೆಂಡತಿ ಮತ್ತು ಮಗಳು ದಿಕ್ಕಿಲ್ಲದೆ ಉಳಿದಿದ್ದಾರೆ. ಕಾರುಗಹಳ್ಳಿಯ ನಾಯಕ ಈ ಸಂದರ್ಭವನ್ನು ಬಳಸಿಕೊಂಡು ಮಗಳನ್ನು ತನಗೆ ಮದುವೆಮಾಡಿಕೊಡುವಂತೆ ಒತ್ತಾಯಿಸುತ್ತಾನೆ. ವಿಧಿಯಿಲ್ಲದೆ ಒಪ್ಪಿಗೆಯಾಗುತ್ತದೆ. ತರುಣರು ತಮ್ಮವರೊಡನೆ ಮನೆಯೊಳಗೆ ಅಡಗಿ ಕುಳಿತು, ಬೀಗರಾಗಿ ಬಂದ ನಾಯಕನನ್ನೂ ಅವನ ಪರಿವಾರವನ್ನೂ ಊಟದ ಪಂಕ್ತಿಯಲ್ಲಿಯೇ ಕೊಂದು ಕಾರುಗಹಳ್ಳಿಯನ್ನು ಹಿಡಿಯುತ್ತಾರೆ. ವಿಜಯನೇ ಯದುರಾಯನಾಗಿ ಆ ಕನ್ಯೆಯನ್ನು ವರಿಸಿ ಒಡೆಯನಾಗುತ್ತಾನೆ. ಸಾಂಪ್ರದಾಯಿಕವಾಗಿ ಇದರ ಕಾಲ 1399. ಅರಮನೆಯ ವಂಶಾವಳಿಯ ಪಾಠ ಘಟನೆಯನ್ನು ಮೈಸೂರಿಗೇ ತರುತ್ತದೆ, ಕನ್ಯೆಯನ್ನು ದೇವಾಜಮ್ಮಣ್ಣಿಯೆಂದೂ ಎದುರಾಳಿಯನ್ನು ಮಾರನಾಯಕನೆಂದೂ ಹೆಸರಿಸುತ್ತದೆ, ನಡುವೆ ಒಬ್ಬ ಜಂಗಮನನ್ನು ಸಹಾಯಕನಾಗಿ ನಿಲ್ಲಿಸುತ್ತದೆ.

ಈ ಕಥೆ ಎಷ್ಟು ಚಾರಿತ್ರಿಕವೆಂಬ ಚರ್ಚೆ ಹಳೆಯದು, ಅದನ್ನು ಇಲ್ಲಿ ಮುಂದುವರಿಸುವ ಅಗತ್ಯವಿಲ್ಲ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದರ ಹೆಣಿಗೆ ಮುಖ್ಯ. ಉಣ್ಣುವವನ ಮೇಲೆ ಕೈಮಾಡಬಾರದೆಂಬುದು ಈ ನಾಡಿನ ಬಲವಾದ ಕಟ್ಟಳೆ. ಅದನ್ನು ಮೀರಿದ ಕೃತ್ಯವೊಂದು ರಾಜವಂಶದ ಆರಂಭದಲ್ಲಿದೆ, ಅದನ್ನು ನಿರೂಪಣೆ ಮುಚ್ಚಿಡುವುದೂ ಇಲ್ಲ. ಮೀರಿದ್ದಕ್ಕೆ ಸಮರ್ಥನೆಯಾಗಿ ಅದು ಮೂರು ಸಂಗತಿಗಳನ್ನು ಒಟ್ಟುಗೂಡಿಸುತ್ತದೆ: ಗಂಡುದಿಕ್ಕಿಲ್ಲದ ಮನೆ, ಬಲಾತ್ಕಾರದ ಮದುವೆ, ಮನೆಯವರದೇ ಸಮ್ಮತಿ. ಬಟ್ಟೆಯ ಮರೆಯ ಅಲಗು ಬಯಲಿನಲ್ಲಿ ಕಳ್ಳನದು, ಮನೆಯೊಳಗೆ ಹೆಣ್ಣಿನ ಪರವಾಗಿ ಹಿರಿದಾಗ ಅದು ಧರ್ಮದ್ದು ಎಂಬ ವಿನಾಯಿತಿಯನ್ನು ಕಥೆ ರೂಪಿಸಿಕೊಳ್ಳುತ್ತದೆ. ಆದರೆ ವಿಲ್ಕ್ಸ್ ಕಾರುಗಹಳ್ಳಿಯ ನಾಯಕನನ್ನು ಕೀಳು ಜಾತಿಯವನೆಂದು ಹೇಳಿರುವುದನ್ನೂ ಮರೆಯುವಂತಿಲ್ಲ. ಕಾರುಗಹಳ್ಳಿಯ ಕಡೆಯಿಂದ ಹೇಳಿದ್ದರೆ ಇದೇ ಘಟನೆ ನೆಂಟಸ್ತಿಕೆಗೆ ಕರೆದು ಕೊಂದ ಕಥೆಯಾಗುತ್ತಿತ್ತು. ಯಾವುದು ಮನೆಯ ರಕ್ಷಣೆ, ಯಾವುದು ಹೊಂಚುಗೊಲೆ ಎಂಬ ಹೆಸರಿಡುವ ಅಧಿಕಾರ ಗೆದ್ದವರದಾಗಿತ್ತು. ಆತ್ಮರಕ್ಷಣೆಯ ಆಯುಧವನ್ನು ಕುರಿತ ಮುಂದಿನ ಎಲ್ಲ ಕಾನೂನುಗಳ ಹಿಂದೆಯೂ ಈ ಹೆಸರಿಡುವ ಅಧಿಕಾರದ ಪ್ರಶ್ನೆಯೇ ಇದೆಯೆಂದು ನನ್ನ ಅಭಿಪ್ರಾಯ.

ಅದೇ ಮನೆತನದ ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಸುತ್ತ ಹಬ್ಬಿರುವ ಐತಿಹ್ಯಗಳಲ್ಲಿಯೂ ಮರೆಯ ಆಯುಧವಿದೆ. ತಿರುಚಿನಾಪಳ್ಳಿಯಿಂದ ಬಂದ ಕೊಲೆಗಡುಕರನ್ನು ಅರಮನೆಯೊಳಗೇ ಎದುರಿಸಿದ ಕಥೆ ಜನಪ್ರಿಯ. ನಡುಪಟ್ಟಿಯಂತೆ ಸೊಂಟಕ್ಕೆ ಸುತ್ತಿಕೊಳ್ಳಬಹುದಾದಷ್ಟು ಬಳುಕುವ ಕತ್ತಿಯೊಂದು ಅವರದೆಂದು ಪ್ರತೀತಿ. ಅರಸನು ಮರೆಮಾಡಿದರೆ ಅದು ಚಾತುರ್ಯ, ಆಳು ಮರೆಮಾಡಿದರೆ ಸಂಚು.

ಸಾಮಾನ್ಯರ ಮನೆಗೆ ಬರೋಣ. ಈ ಭಾಗದ ಹಳೆಯ ತೊಟ್ಟಿಮನೆ ಸ್ವತಃ ಒಂದು ರಕ್ಷಣಾ ಸಾಧನ. ಹೊರಗೋಡೆಗೆ ಕಿಟಕಿಗಳಿಲ್ಲ, ಇದ್ದರೂ ಕೈಹಿಡಿಯಷ್ಟು. ಗಾಳಿ ಬೆಳಕೆಲ್ಲ ಒಳಗಿನ ತೊಟ್ಟಿಯಿಂದ. ಮೇಲಿನಿಂದ ಇಳಿಯುವವರಿಗೆ ತಡೆಯಾಗಿ ತೊಟ್ಟಿಯ ಬಾಯಿಗೆ ಕಬ್ಬಿಣದ ಸರಳು. ತಲೆಬಾಗಿಲಿಗೆ ಗೋಡೆಯೊಳಕ್ಕೆ ಸರಿಯುವ ದಪ್ಪ ಅಗುಳಿ. ದವಸಕ್ಕೆ ನೆಲದೊಳಗಿನ ಹಗೇವು, ಬಾಯಿ ಮುಚ್ಚಿ ಮಣ್ಣು ಬಳಿದರೆ ಅಪರಿಚಿತನಿಗೆ ಅದರ ಸುಳಿವಿಲ್ಲ. ಗಂಡಸರು ಜಗುಲಿಯಲ್ಲಿ ಮಲಗುವ ರೂಢಿಯ ಹಿಂದೆ ಸೆಕೆಯಷ್ಟೇ ಕಾವಲೂ ಇದೆ. ಇಷ್ಟನ್ನೂ ದಾಟಲು ಕಳ್ಳ ಕಂಡುಕೊಂಡ ಉಪಾಯ ಗೋಡೆಗೇ ಕನ್ನ ಹಾಕುವುದು. ಹೀಗೆ ಒಳಬಂದವನನ್ನು ಎದುರಿಸಲು ಮನೆಯಲ್ಲಿದ್ದದ್ದು ಮಚ್ಚು, ಕುಡುಗೋಲು, ಬಡಿಗೆ, ಒನಕೆ. ಚಿತ್ರದುರ್ಗದ ಓಬವ್ವನ ಕಥೆ ಇಡೀ ನಾಡಿನದಾಗಲು ಕಾರಣ ಅವಳ ಶೌರ್ಯವೊಂದೇ ಅಲ್ಲ. ಅವಳ ಕೈಗೆ ಸಿಕ್ಕಿದ್ದು ಪ್ರತಿ ಮನೆಯಲ್ಲೂ ಇದ್ದ ವಸ್ತು. ಹೆಣ್ಣಿಗೆ ಆಯುಧದ ಹಕ್ಕು ಕೊಡದ ಸಮಾಜ ಅವಳ ಅಡುಗೆಮನೆಯ ಸಾಧನವನ್ನು ಮಾತ್ರ ಕಿತ್ತುಕೊಳ್ಳಲಾರದೆ ಹೋಯಿತು. ಮಹಾನವಮಿಯ ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲು, ಮಚ್ಚುಗಳು ಕತ್ತಿ ಕೋವಿಗಳ ಪಕ್ಕದಲ್ಲಿಯೇ ಕುಂಕುಮ ಪಡೆಯುತ್ತವೆ. ಉಪಕರಣ ಮತ್ತು ಆಯುಧಗಳ ನಡುವೆ ಈ ಆಚರಣೆ ಗೆರೆ ಎಳೆಯುವುದಿಲ್ಲ. ಗೆರೆ ಎಳೆದದ್ದು ಕಾನೂನು.

ಹೊಸ್ತಿಲಿನ ಬಗ್ಗೆ ಒಂದು ಮಾತು. ತಿರುಮಕೂಡಲು ನರಸೀಪುರದಲ್ಲಿ ನೆಲಸಿರುವ ಗುಂಜಾ ನರಸಿಂಹಸ್ವಾಮಿಯ ಪುರಾಣದಲ್ಲಿ ವಧೆ ನಡೆಯುವುದು ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ಇರುಳೂ ಅಲ್ಲ, ಆಯುಧದಿಂದಲೂ ಅಲ್ಲ. ಮನೆಯ ರಕ್ಷಣೆಗಾಗಿ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವುದರಿಂದ ಹೊಡೆಯಬಹುದು ಎಂಬುದು ಕಾನೂನಿನಲ್ಲೂ ಹೀಗೆಯೇ ನಿರ್ಣಾಯಕ. 1860ರ ಭಾರತೀಯ ದಂಡಸಂಹಿತೆಯ 103ನೆಯ ಕಲಮು ರಾತ್ರಿಯ ಮನೆಗನ್ನದ ಸಂದರ್ಭದಲ್ಲಿ ಪ್ರಾಣಹಾನಿಯವರೆಗೂ ರಕ್ಷಣೆಯ ಹಕ್ಕನ್ನು ವಿಸ್ತರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಅದನ್ನು ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಎಂದು ಬಿಡಿಸಿ ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು, ಅಧಿಕಾರಿಗಳ ನೆರವು ಪಡೆಯಲು ಕಾಲಾವಕಾಶವಿದ್ದಲ್ಲಿ ಈ ಹಕ್ಕಿಲ್ಲ ಎಂಬ ಮಿತಿಗಳು ಎರಡರಲ್ಲೂ ಇವೆ.

ಮದ್ದಿನ ಆಯುಧಗಳ ಪ್ರವೇಶವನ್ನು ಭಾಷೆಯೇ ದಾಖಲಿಸಿದೆ. ತುಪಾಕಿ, ಬಂದೂಕು, ಪಿಸ್ತೂಲು ಮೂರೂ ಹೊರಗಿನಿಂದ ಬಂದ ಮಾತುಗಳು. ಕನ್ನಡವು ತನ್ನದೇ ಆದ ಕೋವಿ ಎಂಬ ಮಾತಿಗೆ, ಅಂದರೆ ಕೊಳವೆ ಎಂಬರ್ಥದ ಪದಕ್ಕೆ, ಹೊಸ ಅರ್ಥವನ್ನು ತುಂಬಿತು. ಮದ್ದು ಎಂಬ ಮಾತಂತೂ ಕುತೂಹಲಕರ. ಔಷಧಿಗೂ ಅದೇ, ಸಿಡಿಯುವ ಪುಡಿಗೂ ಅದೇ, ಆಹಾರದಲ್ಲಿ ಗುಟ್ಟಾಗಿ ಬೆರೆಸುವ ವಿಷಕ್ಕೂ ಅದೇ. ನಂಜನ್ನು ನುಂಗಿದವನನ್ನು ವೈದ್ಯನೆಂದು ನಂಬುವ ನಂಜನಗೂಡಿನಲ್ಲಿ ಈ ಅರ್ಥಸಂಕರವನ್ನು ವಿವರಿಸಬೇಕಾಗಿಲ್ಲ.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕೋವಿಯ ಬಳಕೆ ವ್ಯಾಪಕವಾಯಿತು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ, ಮೌಲೂದಿ ಶಕದ ವರ್ಷ ಕೆತ್ತಿದ ಚಕಮಕಿ ಪಿಸ್ತೂಲುಗಳು ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲೂ ಹರಾಜುಗಳಲ್ಲೂ ಕಾಣಸಿಗುತ್ತವೆ. ಪಿಸ್ತೂಲು ಆಗಲೂ ಸವಾರನ ಮತ್ತು ಸರದಾರನ ಆಯುಧವಾಗಿತ್ತೇ ಹೊರತು ರೈತನದಾಗಿರಲಿಲ್ಲ. ಹಳ್ಳಿಯಲ್ಲಿ ಕೋವಿ ಹಿಡಿದವರು ಕಂದಾಚಾರದವರು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇವರನ್ನು ಉಲ್ಲೇಖಿಸುತ್ತಾನೆ. ಇವರು ಅರ್ಧ ಒಕ್ಕಲಿಗರು, ಅರ್ಧ ಸಿಪಾಯಿಗಳು. ಸಂಬಳದ ಒಂದು ಭಾಗ ಭೂಮಿಯ ರೂಪದಲ್ಲಿರುತ್ತಿತ್ತು. ಕೋಟೆ ಕಾಯುವುದು, ಕಂದಾಯದ ಹಣ ಸಾಗಿಸುವುದು, ಕಳ್ಳರನ್ನು ಹಿಡಿಯುವುದು ಎಲ್ಲವೂ ಇವರ ಹೊಣೆ. 1799ರ ನಂತರವೂ ಉಳಿದ ಈ ವ್ಯವಸ್ಥೆ 1831ರಿಂದ 1881ರವರೆಗಿನ ಕಮಿಷನರ್ ಆಳ್ವಿಕೆಯ ಕಾಲದಲ್ಲಿ ಕ್ರಮೇಣ ಪೊಲೀಸ್ ಇಲಾಖೆಗೆ ದಾರಿಮಾಡಿಕೊಟ್ಟಿತು. ಕಂದಾಚಾರದವನ ಮನೆಯಲ್ಲಿದ್ದ ಕೋವಿ ಠಾಣೆಯ ಕೋವಿಯಾಯಿತು. ಮನೆಯಲ್ಲಿ ಉಳಿಸಿಕೊಳ್ಳಬಯಸುವವನು ಇನ್ನು ಮುಂದೆ ಲೈಸೆನ್ಸು ಪಡೆಯಬೇಕಾಯಿತು.

ಬ್ರಿಟಿಷ್ ಭಾರತದ 1878ರ ಶಸ್ತ್ರಾಸ್ತ್ರ ಕಾಯಿದೆ 1857ರ ನೆನಪಿನಿಂದ ಹುಟ್ಟಿದ್ದು, ಪ್ರಜೆಗಳನ್ನು ನಿರಾಯುಧರನ್ನಾಗಿಸುವುದೇ ಅದರ ಗುರಿ. ಅದರ ಸ್ಥಾನಕ್ಕೆ ಬಂದು 1962ರ ಅಕ್ಟೋಬರ್ 1ರಂದು ಜಾರಿಗೊಂಡ 1959ರ ಕಾಯಿದೆ ಭಾಷೆಯಲ್ಲಿ ಹೆಚ್ಚು ಉದಾರವಾದದ್ದು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸಕೂಡದೆಂದು ಅದು ಹೇಳುತ್ತದೆ. ಆದರೆ ನಮ್ಮ ಚರ್ಚೆಗೆ ಮುಖ್ಯವಾದದ್ದು ಅದರ 13ನೆಯ ಕಲಮು. ರಕ್ಷಣೆ ಅಥವಾ ಬೇಟೆಯ ಕ್ರೀಡೆಗಾಗಿ ಕನಿಷ್ಠ 20 ಅಂಗುಲ ಉದ್ದದ ನಳಿಗೆಯುಳ್ಳ ನುಣುಪು ನಳಿಗೆಯ ಕೋವಿ, ಇಲ್ಲವೇ ಫಸಲಿನ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿ: ಇವುಗಳಿಗೆ ಒಂದು ದಾರಿ. ಇದರ ಹೊರಗಿನ ಎಲ್ಲದಕ್ಕೂ, ಅಂದರೆ ರಿವಾಲ್ವರು ಪಿಸ್ತೂಲುಗಳಿಗೂ, ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕಾನೂನು ಇಲ್ಲಿ ವೀರಗಲ್ಲಿನ ನೀತಿಯನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಿದೆಯೆಂದು ತೋರುತ್ತದೆ. ಮನೆಯ ಕೋವಿ ಉದ್ದವಾಗಿರಲಿ, ಹೆಗಲ ಮೇಲೆ ಎಲ್ಲರಿಗೂ ಕಾಣಲಿ. ಅಂಗಿಯ ಮರೆಗೆ ಸರಿಯುವಷ್ಟು ಚಿಕ್ಕದನ್ನು ಬಯಸುವವನು ತನ್ನ ಭಯಕ್ಕೆ ಪುರಾವೆ ಕೊಡಲಿ.

ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಮನೆಗಾವಲಿಗೆ ಬಳಸುವುದರ ಕಷ್ಟವನ್ನು ಊಹಿಸಬಹುದು. ಮದ್ದು, ಬಟ್ಟೆಚೂರು, ಚರೆಗಳನ್ನು ಗಜದಿಂದ ಜಡಿದು, ಕೇಪು ಇಟ್ಟು ಒಂದು ಈಡು ಹೊಡೆದರೆ ಎರಡನೆಯದಕ್ಕೆ ಮೊದಲಿನಿಂದ ಆರಂಭಿಸಬೇಕು. ಮಳೆಗಾಲದ ಹಸಿಗೆ ಮದ್ದು ಕೈಕೊಡುತ್ತದೆ, ಹೊಗೆ ಕೋಣೆ ತುಂಬುತ್ತದೆ. ಕನ್ನಗಳ್ಳನಿಗಿಂತ ಹೊಲಕ್ಕೆ ನುಗ್ಗುವ ಹಂದಿಗೆ ಅದು ಹೊಂದುತ್ತದೆ, ಅಲ್ಲಿಯೂ ಅದರ ಸದ್ದೇ ಅರ್ಧ ಕೆಲಸ. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗ ಬಂಡೀಪುರದ ಕಾಡಿಗೆ ತಾಗಿಕೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕೆಂದಿತು. ಬೇಟೆಯ ಕೋವಿ ಹೀಗೆ ಬೇಟೆಯನ್ನು ಕಳೆದುಕೊಂಡು ಹೆದರಿಸುವ ಕೋವಿಯಾಗಿ ಉಳಿಯಿತು.

ತೋಟಾ ಹಾಕುವ ಜೋಡುನಳಿಗೆ ಕೋವಿ ಇದಕ್ಕಿಂತ ಮೇಲು. ಎರಡು ಈಡುಗಳು ತಕ್ಷಣಕ್ಕೆ ದೊರೆಯುತ್ತವೆ, ಹತ್ತಿರದಲ್ಲಿ ಚರೆಯ ಹೊಡೆತ ಬಲವಾದದ್ದು. ಆದರೆ ತೊಟ್ಟಿಮನೆಯ ತಗ್ಗು ಬಾಗಿಲು, ಇಕ್ಕಟ್ಟಾದ ನಡುಮನೆಗಳಲ್ಲಿ ಉದ್ದನೆಯ ನಳಿಗೆಯನ್ನು ತಿರುಗಿಸುವುದೇ ಕಷ್ಟ, ಎದುರಿನವನು ಅದನ್ನು ಹಿಡಿದೆಳೆಯುವುದು ಸುಲಭ. ಕೈಬಂದೂಕಿನ ಬೇಡಿಕೆ ಹುಟ್ಟುವುದು ಇಲ್ಲಿ. ದಾರಿಯಲ್ಲಿ ಹಣ ಒಯ್ಯುವ ವರ್ತಕ, ಗಿರಣಿಯ ಮಾಲೀಕ, ತೋಟದ ಒಂಟಿಮನೆಯವನು, ಜೀವಬೆದರಿಕೆಯಿರುವ ರಾಜಕಾರಣಿ ಇವರು ಅದನ್ನು ಕೇಳುವವರು. ಅವರ ಆಯ್ಕೆಯೂ ಸೀಮಿತ. 9 ಮಿಲಿಮೀಟರ್, .38 ಮುಂತಾದ ಸೇನೆ–ಪೊಲೀಸರ ಅಳತೆಗಳು ನಾಗರಿಕರಿಗೆ ನಿಷಿದ್ಧ. ಹೀಗಾಗಿ ಭಾರತದಲ್ಲಿ ನಾಗರಿಕನ ಕೈಬಂದೂಕೆಂದರೆ ಬಹುಪಾಲು .32 ಅಳತೆಯದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರು, ಸರ್ಕಾರಿ ತಯಾರಿಕೆಯದೇ ಆದ 'ಅಶನಿ' ಎಂಬ ಪಿಸ್ತೂಲು ಇವು ಪರಿಚಿತ ಮಾದರಿಗಳು. ಇಂದ್ರನ ವಜ್ರಾಯುಧದ ಹೆಸರು ಕಿಸೆಯ ಪಿಸ್ತೂಲಿಗೆ ಬಂದಿರುವುದು ನಾಮಕರಣಶಾಸ್ತ್ರಜ್ಞರು ಗಮನಿಸತಕ್ಕ ಸಂಗತಿ.

ಇವೆರಡರ ನಡುವಿನ ಆಯ್ಕೆಯ ತರ್ಕ ಸರಳವಾದದ್ದು. ರಿವಾಲ್ವರಿನಲ್ಲಿ ಒಂದು ಗುಂಡು ಹುಸಿಯಾದರೆ ಕುದುರೆಯನ್ನು ಮತ್ತೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನದು ಬರುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೂ ಕೆಡುವಂಥ ಭಾಗಗಳು ಕಡಿಮೆ. ಒಳಗೆ ಗುಂಡಿದೆಯೋ ಇಲ್ಲವೋ ಎಂಬುದು ಉರುಳೆ ತೆರೆದರೆ ಕಣ್ಣಿಗೆ ಕಾಣುತ್ತದೆ. ಆದರೆ ಉರುಳೆಯ ಉಬ್ಬು ಬಟ್ಟೆಯ ಮೇಲೆ ಎದ್ದು ತೋರುತ್ತದೆ, ಕುದುರೆಯ ಎಳೆತ ಭಾರವಾದ್ದರಿಂದ ಅಭ್ಯಾಸವಿಲ್ಲದ ಕೈ ಗುರಿ ತಪ್ಪುತ್ತದೆ. ಪಿಸ್ತೂಲು ಚಪ್ಪಟೆ, ಮೈಗೆ ಅಂಟಿಕೊಳ್ಳುತ್ತದೆ, ಗುಂಡುಗಳೂ ಹೆಚ್ಚು. ಗುಂಡಿನ ಪಟ್ಟಿಯನ್ನು ತೆಗೆದ ಮೇಲೂ ನಳಿಗೆಯಲ್ಲೊಂದು ಗುಂಡು ಉಳಿದಿರಬಹುದೆಂಬುದನ್ನು ಮರೆತವರ ಕೈಯಲ್ಲಿ ಮಾತ್ರ ಅದು ಮನೆಯವರಿಗೇ ಮೃತ್ಯು. 2012ರ ದೆಹಲಿಯ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ ಕಾನ್ಪುರದಿಂದ ಮಹಿಳೆಯರಿಗಾಗಿ ಎಂದು 'ನಿರ್ಭೀಕ್' ಎಂಬ ಸುಮಾರು 500 ಗ್ರಾಂ ತೂಕದ ರಿವಾಲ್ವರು ಬಂತು. ಅದರ ಬೆಲೆ ಆಗ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ರಾತ್ರಿಪಾಳಿ ಮುಗಿಸಿ ಕೈಗಾರಿಕಾ ಪ್ರದೇಶದಿಂದ ಹಳ್ಳಿಗೆ ಮರಳುವ ನಂಜನಗೂಡಿನ ಹೆಣ್ಣುಮಗಳಿಗೆ ಇದು ಯಾವ ರಕ್ಷಣೆ ಎಂದು ಕೇಳಿದರೆ ತಪ್ಪಾಗಲಾರದು.

ಸೊಂಟದಲ್ಲಿ ಒಯ್ಯುವುದರ ಬಗ್ಗೆ 2016ರ ನಿಯಮಗಳು ತಂದ ಬದಲಾವಣೆ ಈ ಲೇಖನದ ದೃಷ್ಟಿಯಿಂದ ವಿಶೇಷವಾದದ್ದು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಒರೆಯಲ್ಲಿಟ್ಟು, ಪೂರ್ತಿಯಾಗಿ ಮುಚ್ಚಿಕೊಂಡು ಒಯ್ಯಬೇಕು, ಝಳಪಿಸಕೂಡದು. 2019ರ ತಿದ್ದುಪಡಿಯು ಮದುವೆ ಮೆರವಣಿಗೆಗಳ ಸಂಭ್ರಮದ ಗುಂಡುಹಾರಾಟವನ್ನು ಶಿಕ್ಷಾರ್ಹಗೊಳಿಸಿ, ಒಬ್ಬರಲ್ಲಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕಾಣುವ ಆಯುಧ ಮಾನದ ಗುರುತಾಗಿದ್ದ ಕಾಲ ಮುಗಿದು, ಕಾಣುವ ಆಯುಧವೇ ಬೆದರಿಕೆಯೆಂದು ಕಾನೂನು ಬಗೆದಿದೆ. ಮರೆ ಈಗ ಲೈಸೆನ್ಸುದಾರನ ಕರ್ತವ್ಯ. ಮನೆಯಲ್ಲಿ ಇಡುವಾಗಲೂ ಬೀಗದ ಭದ್ರತೆ ಬೇಕು. ಆದರೆ ಬೀಗದಲ್ಲಿರುವ ಬಂದೂಕು ನಡುರಾತ್ರಿ ಕೈಗೆ ಬೇಗ ಸಿಗುವುದಿಲ್ಲ, ಕೈಗೆ ಬೇಗ ಸಿಗುವಂಥದ್ದು ಮಕ್ಕಳ ಕೈಗೂ, ಕುಡಿದವನ ಕೈಗೂ, ಮನನೊಂದವರ ಕೈಗೂ ಸಿಗುತ್ತದೆ. ಕತ್ತಲಲ್ಲಿ ಕಂಡ ನೆರಳು ಕಳ್ಳನದೋ ತಡವಾಗಿ ಬಂದ ಮಗನದೋ ಎಂಬುದನ್ನು ಯಾವ ಅಳತೆಯ ನಳಿಗೆಯೂ ಹೇಳಲಾರದು. ನಾಯಿ, ಅಗುಳಿ, ನೆರೆಮನೆ ಇವೇ ಈ ಸೀಮೆಯ ಬಹುಪಾಲು ಮನೆಗಳನ್ನು ಕಾಯ್ದಿವೆ ಎಂಬುದು ನನ್ನ ಎಣಿಕೆ.

ಪಕ್ಕದ ಕೊಡಗಿನೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಕೋವಿ ಹುಟ್ಟಿಗೂ ಸಾವಿಗೂ ಸಿಡಿಯುವ, ಕೈಲ್‌ಪೊಳ್ದಿನಲ್ಲಿ ಪೂಜೆಗೊಳ್ಳುವ ಕುಲದ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಪಿಲೆಯ ಬಯಲಿನಲ್ಲಿ ಯಾವ ಸಮುದಾಯಕ್ಕೂ ಇಂಥ ಸಾಮೂಹಿಕ ಹಕ್ಕಿಲ್ಲ. ಇಲ್ಲಿ ಕೋವಿ ವ್ಯಕ್ತಿಯದು, ಅಂದರೆ ಬಹುಮಟ್ಟಿಗೆ ಭೂಮಿಯಿದ್ದವನದು. ಚುನಾವಣೆ ಬಂದಾಗಲೆಲ್ಲ ಅವನು ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾನೆ.

ಇನ್ನು ಭೂಮಿಯಿಲ್ಲದವನ ಮಾತು. ಹಳೆಯ ಆಯಗಾರ ಪದ್ಧತಿಯಲ್ಲಿ ಊರಿನ ಕಾವಲು ತಳವಾರ ಮತ್ತು ತೋಟಿಯದಾಗಿತ್ತು. ಕಳ್ಳನ ಹೆಜ್ಜೆ ಹಿಡಿಯುವವನು ತಳವಾರ, ಹೊಲ ಕಾಯುವವನು ತೋಟಿ. ಇಡೀ ಊರಿನ ಮನೆಗಳನ್ನು ರಾತ್ರಿ ಕಾಯ್ದ ಇವರ ಕೈಯಲ್ಲಿದ್ದದ್ದು ಕೋಲು. 1959ರ ಕಾಯಿದೆಯ ವ್ಯಾಖ್ಯೆಯಲ್ಲಿ ಲಾಠಿಯೂ ಊರುಗೋಲೂ ಆಯುಧಗಳಲ್ಲವೆಂದು ಸ್ಪಷ್ಟವಾಗಿ ಹೊರಗಿಡಲಾಗಿದೆ. ತಮ್ಮ ಕೇರಿಯ ಮನೆಗಳ ಕಾವಲಿಗೆ ಇವರಿಗೆ ಏನಿತ್ತು ಎಂಬ ಪ್ರಶ್ನೆ 1993ರ ಮಾರ್ಚ್‌ನಲ್ಲಿ ಕ್ರೂರವಾಗಿ ಎದ್ದು ನಿಂತಿತು. ಗಾಂಧೀಜಿ ಭೇಟಿಕೊಟ್ಟ ಖಾದಿ ಕೇಂದ್ರವಿದ್ದ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ, ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ವರ್ಷಗಳ ನಂತರ ಇಡೀ ದೇಶಕ್ಕಾಗಿ ರೂಪುಗೊಂಡ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ನಿಯಮಗಳ (1995) ಮೂರನೆಯ ನಿಯಮದಲ್ಲಿ ಒಂದು ಅಂಶವಿದೆ. ದೌರ್ಜನ್ಯದ ಸಂಭವವಿರುವ ಪ್ರದೇಶಗಳಲ್ಲಿ ಅಗತ್ಯ ಕಂಡರೆ ಇತರರ ಬಂದೂಕು ಲೈಸೆನ್ಸುಗಳನ್ನು ರದ್ದುಪಡಿಸಿ ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಒಪ್ಪಿಸಿಕೊಳ್ಳಬಹುದು, ಪ್ರಾಣ ಮತ್ತು ಆಸ್ತಿಗಳ ರಕ್ಷಣೆಗಾಗಿ ಪರಿಶಿಷ್ಟರಿಗೆ ಲೈಸೆನ್ಸು ನೀಡಬಹುದು. ಯಾರ ಕೈಯಲ್ಲಿ ಆಯುಧವಿರಬೇಕೆಂಬ ಶತಮಾನಗಳ ರೂಢಿಯನ್ನು ಅಕ್ಷರಶಃ ತಲೆಕೆಳಗು ಮಾಡುವ ನಿಯಮವಿದು. ನಮ್ಮ ಸಾಮಾಜಿಕ ಚರಿತ್ರೆಯ ಬರವಣಿಗೆಯಲ್ಲಿ ಇದರ ಪ್ರಸ್ತಾಪ ತೀರ ವಿರಳ.

ಆಯುಧ ಸಿಗದವರು ಆಯುಧವನ್ನು ಬೇರೊಂದು ಬಗೆಯಲ್ಲಿ ತಮ್ಮದಾಗಿಸಿಕೊಂಡಿದ್ದಾರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಒಕ್ಕಲು ಈ ಎರಡೂ ತಾಲ್ಲೂಕುಗಳಲ್ಲಿ ದಟ್ಟವಾಗಿದೆ, ಕಾವ್ಯವನ್ನು ಹಾಡುವ ನೀಲಗಾರರಲ್ಲಿ ಹೆಚ್ಚಿನವರು ದಲಿತರು ಮತ್ತು ಇತರ ಕೆಳಸ್ತರದ ಸಮುದಾಯಗಳವರು. ಈ ಪರಂಪರೆಯ ದೈವಚಿಹ್ನೆ ಕಂಡಾಯ. ಲೋಹದ ಅಲಗುಗಳಿಂದಾದ ಅದರ ಆಕಾರವೂ ಹೆಸರೂ ಖಂಡೆಯವನ್ನು, ಅಂದರೆ ಕತ್ತಿಯನ್ನು ನೆನಪಿಸುತ್ತವೆ. ಅದು ಮನೆಯ ಮೂಲೆಯಲ್ಲಿ ಪೂಜೆಗೊಳ್ಳುತ್ತದೆ, ಯಾರನ್ನೂ ಇರಿಯುವುದಿಲ್ಲ. ಅದಕ್ಕೆ ಲೈಸೆನ್ಸು ಬೇಕಿಲ್ಲ, ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾದ್ದಿಲ್ಲ. ಚಿಕ್ಕಲ್ಲೂರು, ಕಪ್ಪಡಿಗಳ ಜಾತ್ರೆಗೆ ಹೊರಡುವಾಗ ಹೂವು ಕಟ್ಟಿ, ಹೆಗಲ ಮೇಲೆ ಎತ್ತಿ, ಎಲ್ಲರಿಗೂ ಕಾಣುವಂತೆ ಅದನ್ನು ಹೊತ್ತು ನಡೆಯುತ್ತಾರೆ.